ಡಾಲ್ಡಾ ಡಬ್ಬಿಯ ಮೂರು ತೂತುಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಡಾಲ್ಡಾ ಡಬ್ಬಿಯ ಪ್ರಯೋಗ ಇನ್ನೂ ನೆನಪಿರಬಹುದು. ಚಿಂಚೋಳಿ ತಾಲ್ಲೂಕಿನ ಶಾಲೆಯಿಂದ ಆರಂಭಿಸಿ ಚಿತ್ತಾಪುರ, ಶಹಾಬಾದ್, ಕೊನೆಗೆ ಸೇಡಂ ತಾಲ್ಲೂಕಿನವರೆಗೆ ನಾನು ಹೋದಲ್ಲೆಲ್ಲ ಆ ಡಬ್ಬಿಯೂ ನನ್ನೊಡನೆ ಬಂದಿತ್ತು. ಅದರ ಮೈಗೆ ಮೇಲೊಂದು, ನಡುವೊಂದು, ಕೆಳಗೊಂದು ಹೀಗೆ ಮೂರು ತೂತು ಕೊರೆದು, ಮೇಣ ಮೆತ್ತಿ, ನೀರು ತುಂಬಿ, ಬಳಿಕ ಮೇಣವನ್ನು ಕಿತ್ತರೆ ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ಜೋರಾಗಿ ಚಿಮ್ಮುತ್ತಿತ್ತು. ಮುಂದಿನ ಬೆಂಚಿನವರ ಪುಸ್ತಕಗಳು ತೊಯ್ದು ತರಗತಿಯೆಲ್ಲ ನಗುತ್ತಿತ್ತು. ದ್ರವದ ಒತ್ತಡವು ಅದರ ಆಳವನ್ನು ಅವಲಂಬಿಸಿದೆ, ಪಾತ್ರೆಯ ಅಗಲವನ್ನಲ್ಲ ಎಂದು ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ. ಹೀಗೆ 32 ವರ್ಷ ಬರೆದೆ. ಆದರೆ ನಿವೃತ್ತನಾದ ಮೇಲೆ ನನ್ನ ಮನೆಯ ಬಚ್ಚಲಿನಲ್ಲಿಯೇ ಈ ಪಾಠವನ್ನು ನಾನು ಮರೆತೆ. ಆ ಸಂಗತಿಯನ್ನು ನಿಮ್ಮೆದುರು ಹೇಳಿಕೊಳ್ಳುವುದು ಉಚಿತವೆಂದು ತೋರಿದ್ದರಿಂದ ಈ ಬರಹ.

ಕಳೆದ ಬೇಸಿಗೆಯಲ್ಲಿ ಪುಣೆಯಿಂದ ಮಗ, ಸೊಸೆ, ಮೊಮ್ಮಕ್ಕಳು ಬಂದಿದ್ದರು. ಜಳಕಕ್ಕೆ ಹೋದ ಮಗ ಅರ್ಧ ಗಂಟೆಯ ನಂತರ ಹೊರಬಂದು, “ಅಪ್ಪಾ, ನಿಮ್ಮ ಶವರ್ ನೀರು ಬಿಡವಲ್ದು, ಕೂತು ಅಳ್ಲಾಕತ್ತದ” ಎಂದ. ಅವನ ಮಾತು ಸುಳ್ಳಾಗಿರಲಿಲ್ಲ. ಹತ್ತಾರು ರಂಧ್ರಗಳಲ್ಲಿ ನಾಲ್ಕೈದರಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು. ನಾನು ತಂಬಿಗೆ, ಬಕೀಟಿನ ಕಾಲದವನಾದ್ದರಿಂದ ಅದನ್ನು ಗಮನಿಸಿಯೇ ಇರಲಿಲ್ಲ. ಮೊಮ್ಮಕ್ಕಳಿಗೆ ತೊಂದರೆಯಾಗಬಾರದೆಂದು ಮರುದಿನವೇ ನಳದ ಕೆಲಸದವನನ್ನು ಕರೆಸಿದೆ. ಆತ ಮಾಳಿಗೆ ಹತ್ತಿ ನೋಡಿ, ಟ್ಯಾಂಕು ಅರ್ಧವೂ ತುಂಬುತ್ತಿಲ್ಲ, ಓಣಿಯ ಪೈಪಿಗೆ ನೇರವಾಗಿ ಮೋಟಾರು ಹಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂದ. ನಾನು ಮರುಮಾತಾಡದೆ ಒಪ್ಪಿಕೊಂಡೆ. ತಪ್ಪು ಆತನದೆಂದು ನಾನು ಹೇಳಲಾರೆ. ಆತ ಡಾಲ್ಡಾ ಡಬ್ಬಿಯ ಪಾಠ ಹೇಳಿದವನಲ್ಲ, ಹೇಳಿದವನು ನಾನು.

ಮೋಟಾರು ಬಂದಿತು, ಟ್ಯಾಂಕು ತುಂಬಿ ಚೆಲ್ಲಿತು. ಶವರ್ ಮಾತ್ರ ಅಳುವುದನ್ನು ನಿಲ್ಲಿಸಲಿಲ್ಲ. ಹಿಂದಿಗಿಂತ ಒಂದೆರಡು ಧಾರೆ ಹೆಚ್ಚಾಗಿತ್ತು, ಅಷ್ಟೇ. ಮಗನ ರಜೆ ಮುಗಿದು ಅವರು ಹೊರಟುಹೋದರು, ಮೋಟಾರು ಉಳಿಯಿತು.

ಒಂದು ವಾರದ ನಂತರ ಪಕ್ಕದ ಮನೆಯ ಹುಡುಗಿ ನೋಟುಬುಕ್ಕು ಹಿಡಿದು ಬಂದಳು. ಅವಳು ಒಂಬತ್ತನೆಯ ತರಗತಿಯವಳು, ಅಜ್ಜಿಯ ಆಶ್ರಯದಲ್ಲಿ ಬೆಳೆಯುತ್ತಿರುವ ಮಗು. ಅವರ ಮನೆಯಲ್ಲಿ ಮಾಳಿಗೆಯ ಮೇಲೆ ಟ್ಯಾಂಕಿಲ್ಲ, ಶವರಿನ ಮಾತು ದೂರವೇ ಉಳಿಯಿತು. ಬಾಗಿಲ ಮುಂದೆ ಮೊಣಕಾಲುದ್ದದ ತಗ್ಗು ತೋಡಿ ಅದರೊಳಗೆ ನಳವನ್ನು ಇಳಿಸಿದ್ದಾರೆ. ನಮ್ಮ ಭಾಗದ ಊರುಗಳನ್ನು ಬಲ್ಲವರಿಗೆ ಈ ತಗ್ಗುಗಳ ಪರಿಚಯವಿದೆ. ಕೆಳಗಿಳಿದಷ್ಟೂ ನೀರಿಗೆ ಒತ್ತಡ ಹೆಚ್ಚು ಎಂಬ ಸತ್ಯವನ್ನು ನಮ್ಮ ಬಡವರು ಪುಸ್ತಕ ಓದದೆಯೇ ಕಂಡುಕೊಂಡಿದ್ದಾರೆ. ಆ ತಗ್ಗಿನ ಅಂಚಿನಲ್ಲಿ ಕುಳಿತು ತಂಬಿಗೆಯಿಂದ ಕೊಡಕ್ಕೆ ನೀರು ತುಂಬುವುದು ಆ ಹುಡುಗಿಯ ಬೆಳಗಿನ ಕೆಲಸ.

“ಸರ್ರ, ನಿಮ್ಮ ಮೋಟಾರ್ ಚಾಲೂ ಆಗೋತನ ನಮ್ಮ ನಳಕ್ಕ ನೀರು ಬರ್ತಾವ. ಚಾಲೂ ಆದ ಕೂಡ್ಲೆ ನಿಂತ್ ಬಿಡ್ತಾವ. ನಾಕು ಸಲ ಟೈಮ್ ಬರ್ದಿಟ್ಟೀನಿ, ನೋಡ್ರಿ” ಎಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ನೋಟುಬುಕ್ಕಿನಲ್ಲಿ ಗೀಟು ಎಳೆದು ಮೂರು ಕಾಲಂ ಮಾಡಿದ್ದಳು. ನೀರು ಬಂದ ಹೊತ್ತು, ಮೋಟಾರಿನ ಸಪ್ಪಳ ಕೇಳಿದ ಹೊತ್ತು, ನಳ ನಿಂತ ಹೊತ್ತು. ಎರಡನೆಯ ಮತ್ತು ಮೂರನೆಯ ಕಾಲಮಿನ ನಡುವೆ ಒಂದು ನಿಮಿಷದ ಅಂತರವೂ ಇರಲಿಲ್ಲ. ನನ್ನ ಸೇವಾವಧಿಯಲ್ಲಿ ಎಷ್ಟೋ ಪ್ರಯೋಗ ಪುಸ್ತಕಗಳಿಗೆ ಸಹಿ ಹಾಕಿದ್ದೇನೆ. ಇಷ್ಟು ಪ್ರಾಮಾಣಿಕವಾದ ವೀಕ್ಷಣೆಯನ್ನು ಕಂಡದ್ದು ಕಡಿಮೆ.

ಒಳಗಿನಿಂದ ಇದನ್ನು ಕೇಳಿಸಿಕೊಂಡ ನಮ್ಮ ಮನೆಯವರು, “ಮಂದಿ ನೀರು ಕಸಗೊಂಡು ಮಾಡೋದು ಎಂಥಾ ಜಳಕ?” ಎಂದರು. ಅಂದು ಮಧ್ಯಾಹ್ನವೇ ಮೋಟಾರನ್ನು ಬಿಚ್ಚಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ಶವರಿನಲ್ಲಿ ನೀರು ಸಣ್ಣಗೆ ಬಂದರೆ ನಾವು ತಕ್ಷಣ ನೀರು ಸಾಲದು ಎಂದುಕೊಳ್ಳುತ್ತೇವೆ. ನೀರಿನ ಪ್ರಮಾಣ ಬೇರೆ, ಒತ್ತಡ ಬೇರೆ. ಮಾಳಿಗೆಯ ಮೇಲೆ 500 ಲೀಟರಿನ ಟ್ಯಾಂಕಿರಲಿ, 5000 ಲೀಟರಿನದಿರಲಿ, ನೀರಿನ ಮಟ್ಟ ಶವರಿನಿಂದ ಎಷ್ಟು ಮೇಲಿದೆ ಎಂಬುದಷ್ಟೇ ಒತ್ತಡವನ್ನು ನಿರ್ಧರಿಸುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೆಯ ಶತಮಾನದಲ್ಲಿಯೇ ಇದನ್ನು ವಿವರಿಸಿ ಹೋಗಿದ್ದಾನೆ. ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಒಂದು ಬಾರ್ ಒತ್ತಡ. ನಮ್ಮ ಮನೆಯ ಟ್ಯಾಂಕು ಮಾಳಿಗೆಯ ಮೇಲೆಯೇ ಕುಳಿತಿತ್ತು. ಅದರ ತಳಕ್ಕೂ ಶವರಿಗೂ ಇದ್ದ ಅಂತರ ಒಂದು ಮೀಟರ್ ಮಾತ್ರ. ಅಂದರೆ ಒಂದು ಬಾರಿನ ಹತ್ತನೆಯ ಒಂದು ಭಾಗ. ಟ್ಯಾಂಕು ತುಂಬಿದಾಗ ಇನ್ನೊಂದು ಮೀಟರ್ ಸೇರುತ್ತದೆ, ನೀರು ಇಳಿದಂತೆ ಅದೂ ಇಳಿಯುತ್ತದೆ. ಅಂಗಡಿಗಳಲ್ಲಿ ಹೊಳೆಯುವ ದೊಡ್ಡ ತಟ್ಟೆಯಂಥ ಶವರುಗಳಲ್ಲಿ ಅನೇಕವು ಚೆನ್ನಾಗಿ ಕೆಲಸ ಮಾಡಲು ಒಂದು ಬಾರಿನಷ್ಟು ಒತ್ತಡ ಬೇಕು. ಒಂದಂತಸ್ತಿನ ಮನೆಗೆ ಅವನ್ನು ತಂದು ಹಾಕಿದರೆ ಅವು ಅಳದೆ ಇನ್ನೇನು ಮಾಡಿಯಾವು?

ಎತ್ತರದ ಜೊತೆಗೆ ಕೊಳವೆಯ ಅಗಲವನ್ನೂ ನೋಡಬೇಕು. ನಾನು ಹುಡುಗನಾಗಿದ್ದಾಗ ರಜೆಗೆ ವಾಡಿಯಲ್ಲಿದ್ದ ಸೋದರಮಾವನ ಮನೆಗೆ ಹೋಗುತ್ತಿದ್ದೆ. ಅದು ಉಗಿಬಂಡಿಗಳ ಕಾಲ. ಜಂಕ್ಷನ್ನಿನಲ್ಲಿ ಎಂಜಿನ್ನಿಗೆ ನೀರು ತುಂಬುವುದನ್ನು ನೋಡುವುದೇ ನಮಗೊಂದು ಹಬ್ಬ. ಎತ್ತರದ ಟ್ಯಾಂಕಿನಿಂದ ತೊಡೆಗಾತ್ರದ ಕೊಳವೆಯಲ್ಲಿ ಧುಮುಕುತ್ತಿದ್ದ ನೀರು ನೋಡನೋಡುತ್ತಿದ್ದಂತೆ ಎಂಜಿನ್ನಿನ ಹೊಟ್ಟೆಯನ್ನು ತುಂಬಿಸುತ್ತಿತ್ತು. ಅದೇ ಟ್ಯಾಂಕಿನಿಂದ ಬೆರಳುಗಾತ್ರದ ಕೊಳವೆ ಇಳಿಸಿದ್ದರೆ ಗಾಡಿ ಮರುದಿನ ಹೊರಡಬೇಕಾಗುತ್ತಿತ್ತು. ಅರ್ಧ ಇಂಚಿನ ಪೈಪಿಗಿಂತ ಒಂದು ಇಂಚಿನ ಪೈಪಿನ ಬಾಯಿ ನಾಲ್ಕು ಪಟ್ಟು ದೊಡ್ಡದು. ಒಳಮೈಯ ಘರ್ಷಣೆ ಕಡಿಮೆಯಾಗುವುದರಿಂದ ಅದರಲ್ಲಿ ಹರಿಯುವ ನೀರು ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಮನೆ ಕಟ್ಟುವಾಗ ಬಾಗಿಲಿನ ಕೆತ್ತನೆಗೆ ಸಾವಿರಾರು ರೂಪಾಯಿ ಸುರಿಯುವ ನಾವು ಗೋಡೆಯೊಳಗೆ ಅಡಗುವ ಪೈಪಿನಲ್ಲಿ ಉಳಿತಾಯ ಮಾಡುತ್ತೇವೆ.

ಮೂರನೆಯ ಕಾರಣ ನಮ್ಮ ನೆಲದ್ದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಮುತ್ತ ಎಲ್ಲಿ ಅಗೆದರೂ ಸುಣ್ಣದ ಕಲ್ಲು. ಶಹಾಬಾದಿನ ಪರಸಿಗಲ್ಲು ಎಷ್ಟೋ ಊರುಗಳ ಮನೆ, ಶಾಲೆ, ರೈಲು ನಿಲ್ದಾಣಗಳ ನೆಲಕ್ಕೆ ಹೋಗಿದೆ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿನಿಂದಲೇ. ಮಳೆಯ ನೀರು ಗಾಳಿಯಲ್ಲಿನ ಮತ್ತು ಮಣ್ಣಿನಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಲ್ಲಿನ ಪದರಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ನಮ್ಮ ಬೋರಿನ ನೀರು ಗಡಸಾಗುವುದು ಹೀಗೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಗೀಸರಿನಲ್ಲಿ ಈ ನೀರು ಕಾದಾಗ ಅನಿಲ ಹೊರಟುಹೋಗಿ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತದೆ. ಹಂಡೆಯ ಒಳಗೆ ನಮ್ಮ ತಾಯಂದಿರು ಕೆರೆದು ತೆಗೆಯುತ್ತಿದ್ದ ಬಿಳಿಯ ಚಕ್ಕೆಯೂ ಇದೇ. ಹಂಡೆಗೆ ಬಾಯಿ ದೊಡ್ಡದು, ಅದು ಮುಚ್ಚಿಹೋಗುವಂತಿರಲಿಲ್ಲ. ಶವರಿನ ರಂಧ್ರವಾದರೋ ಸೂಜಿಯ ಕಣ್ಣಿನಷ್ಟು.

ಹೀಗೆ ಎತ್ತರ, ಕೊಳವೆ, ಸುಣ್ಣ ಈ ಮೂರರಲ್ಲಿ ನಮ್ಮ ಮನೆಯ ದೋಷ ಯಾವುದೆಂದು ತಿಳಿಯಲು ನಾನು 10 ಲೀಟರಿನ ಬಕೀಟು, ಕೈಗಡಿಯಾರ ಹಿಡಿದು ಬಚ್ಚಲಿಗೆ ಹೋದೆ. ಪಕ್ಕದ ಮನೆಯ ಹುಡುಗಿಯನ್ನೂ ಕರೆದೆ, ನೋಟುಬುಕ್ಕು ಅವಳದೇ. ಶವರಿನಿಂದ ಬಕೀಟು ತುಂಬಲು 5 ನಿಮಿಷ ಹಿಡಿಯಿತು. ಅದೇ ಬಚ್ಚಲಿನ ಕೆಳಗಿನ ನಳದಿಂದ ಎರಡು ನಿಮಿಷದೊಳಗೆ ತುಂಬಿತು. ನಳ ಕೆಳಗಿರುವುದರಿಂದ ಸ್ವಲ್ಪ ಹೆಚ್ಚು ಬರುವುದು ಸಹಜ, ಆದರೆ ಇಷ್ಟೊಂದು ಅಂತರವಿದ್ದರೆ ದೋಷ ಶವರಿನಲ್ಲಿಯೇ ಇರಬೇಕು. ನಿಮ್ಮ ಮನೆಯಲ್ಲಿ ಎರಡೂ ಸಣ್ಣಗಿದ್ದರೆ ಪೈಪನ್ನೋ ವಾಲ್ವನ್ನೋ ನೋಡಿರಿ. ತಣ್ಣೀರು ಚೆನ್ನಾಗಿ ಬಂದು ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರಿನ ಕಡೆ ಸುಣ್ಣ ಕಟ್ಟಿದೆಯೆಂದು ತಿಳಿಯಿರಿ. ನೀರು ಬಿಕ್ಕುತ್ತ, ಉಗುಳುತ್ತ ಬಂದರೆ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡಿದೆ. ಟ್ಯಾಂಕಿನಿಂದ ಹೊರಬರುವ ಪೈಪಿಗೆ ಟ್ಯಾಂಕಿಗಿಂತ ಎತ್ತರದ ಒಂದು ಗಾಳಿಕೊಳವೆ ನಿಲ್ಲಿಸಿದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಶವರಿನ ತಲೆಯನ್ನು ತಿರುಗಿಸಿ ಬಿಚ್ಚಿ, ಒಂದು ರಾತ್ರಿ ವಿನೆಗರಿನಲ್ಲಿ ನೆನೆಯಿಟ್ಟೆವು. ನಿಂಬೆಹಣ್ಣಿನ ರಸವೂ ಆಗುತ್ತದೆ. ಸುಣ್ಣದ ಮೇಲೆ ಆಮ್ಲ ಬಿದ್ದರೆ ಗುಳ್ಳೆ ಬರುತ್ತದೆಂದು ಪಾಠದಲ್ಲಿ ಓದಿದ್ದನ್ನು ಹುಡುಗಿ ಕಣ್ಣಾರೆ ಕಂಡಳು. ಪಾಯಿಖಾನೆ ತೊಳೆಯುವ ಖಾರದ ಆ್ಯಸಿಡನ್ನು ಮಾತ್ರ ಬಳಸಬೇಡಿರಿ, ಲೋಹದ ಹೊಳಪೂ ಹೋಗುತ್ತದೆ, ಕೈಯೂ ಸುಡುತ್ತದೆ. ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಳಗಿನ ಸಣ್ಣ ಜಾಲರಿಯನ್ನು ತೊಳೆದು ಕೂರಿಸಿದಾಗ 5 ನಿಮಿಷ 3 ನಿಮಿಷವಾಯಿತು. ಖರ್ಚು ಒಂದು ವಿನೆಗರ್ ಬಾಟಲಿ.

ಆಮೇಲೆ ಮಾಳಿಗೆಯ ಕೆಲಸ. ಟ್ಯಾಂಕಿನಿಂದ ಬಚ್ಚಲಿನವರೆಗಿನ ಅರ್ಧ ಇಂಚಿನ ಪೈಪನ್ನು ತೆಗೆಸಿ ಒಂದು ಇಂಚಿನದನ್ನು ಹಾಕಿಸಿದೆ, ಅನಗತ್ಯವಾದ ತಿರುವುಗಳನ್ನು ಕಡಿಮೆ ಮಾಡಿಸಿದೆ, ಪೂರ್ತಿ ತೆರೆಯದಿದ್ದ ಹಳೆಯ ವಾಲ್ವನ್ನು ಬದಲಿಸಿದೆ. ಟ್ಯಾಂಕನ್ನು ಕಬ್ಬಿಣದ ಕಟ್ಟೆಯ ಮೇಲೆ ನಾಲ್ಕು ಅಡಿ ಎತ್ತರಿಸಿದೆ. ಇಲ್ಲೊಂದು ಎಚ್ಚರಿಕೆಯ ಮಾತು. 1000 ಲೀಟರ್ ನೀರೆಂದರೆ ಒಂದು ಟನ್ ಭಾರ. ನಮ್ಮ ಕಡೆ ಪರಸಿ ಹಾಸಿದ ಹಳೆಯ ಮಾಳಿಗೆಗಳು ಇನ್ನೂ ಇವೆ. ಅವುಗಳ ನಡುಮಧ್ಯೆ ಇಂಥ ಭಾರವನ್ನು ಹೇರಬಾರದು. ಗಟ್ಟಿ ಗೋಡೆಗಳ ಮೇಲೆ ಭಾರ ಇಳಿಯುವಂತೆ, ಬಲ್ಲವರನ್ನು ಕೇಳಿಯೇ ಮಾಡಿಸಬೇಕು. ಇಷ್ಟಾದ ಮೇಲೆ ಬಕೀಟು ಒಂದೂವರೆ ನಿಮಿಷದಲ್ಲಿ ತುಂಬಿತು. ಮೋಟಾರಿಲ್ಲ, ಕರೆಂಟಿನ ಹಂಗಿಲ್ಲ.

ಟ್ಯಾಂಕನ್ನು ಎತ್ತರಿಸಲು ಆಗದವರು, ಮಾಳಿಗೆಯ ಕೆಳಗಿನ ಮಹಡಿಯಲ್ಲಿಯೇ ಇರುವವರು, ಸಣ್ಣ ಪ್ರೆಷರ್ ಪಂಪು ಹಾಕಿಸಬಹುದು. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಅದು ನಿಮ್ಮ ಟ್ಯಾಂಕಿನ ನಂತರ, ನಿಮ್ಮ ಪೈಪಿನ ಮೇಲೆ ಕೂರಬೇಕು. ಹಳೆಯ ಪೈಪುಗಳೂ ಗೀಸರೂ ಆ ಒತ್ತಡವನ್ನು ತಾಳುವವೇ ಎಂದು ಮೊದಲು ನೋಡಿರಿ, ಗೀಸರಿನ ಮೈಮೇಲೆ ಅದರ ಮಿತಿಯನ್ನು ಬರೆದಿರುತ್ತಾರೆ. ಓಣಿಯ ಪೈಪಿಗೆ ಮೋಟಾರು ಹಚ್ಚುವುದು ಮಾತ್ರ ಎಂದಿಗೂ ಬೇಡ. ಓಣಿಯ ಪೈಪಿನಲ್ಲಿರುವ ನೀರು ಯಾರೊಬ್ಬರದೂ ಅಲ್ಲ. ಮೋಟಾರು ಅದರಲ್ಲಿ ಹೊಸ ನೀರನ್ನು ಹುಟ್ಟಿಸುವುದಿಲ್ಲ, ಮುಂದಿನ ಮನೆಗೆ ಹೋಗುವುದನ್ನು ಇತ್ತ ಎಳೆಯುತ್ತದೆ. ಒಬ್ಬರು ಹಚ್ಚಿದರೆ ಮತ್ತೊಬ್ಬರು ಅದಕ್ಕಿಂತ ದೊಡ್ಡದನ್ನು ತರುತ್ತಾರೆ. ಕೊನೆಗೆ ಸೋಲುವುದು ಮೋಟಾರು ಕೊಳ್ಳಲಾಗದ ಮನೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪೈಪಿನೊಳಗೆ ಒತ್ತಡವಿರುವಾಗ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ಮೋಟಾರು ಹೀರತೊಡಗಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದರೆ ಅದೇ ಬಿರುಕಿನಿಂದ ಗಟಾರದ ನೀರು ಒಳಗೆ ಬರುತ್ತದೆ. ತಗ್ಗಿನಲ್ಲಿ ಹೊಲಸು ನೀರು ನಿಂತು ಅದರಲ್ಲಿ ನಳದ ಬಾಯಿ ಮುಳುಗಿದ್ದರಂತೂ ಹೇಳುವುದೇ ಬೇಡ. ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳು ಓಣಿ ಹೊಕ್ಕುವುದಕ್ಕೆ ಇದೂ ಒಂದು ದಾರಿ. ನಾನು ಆ ಒಂದು ವಾರ ಪಕ್ಕದ ಮನೆಯ ನೀರನ್ನಷ್ಟೇ ಕಸಿದುಕೊಂಡಿರಲಿಲ್ಲ. ನನ್ನ ಮೊಮ್ಮಕ್ಕಳಿಗೂ ಆ ಮುದುಕಿಗೂ ಏನನ್ನು ಕುಡಿಸಿರಬಹುದಿತ್ತು ಎಂದು ನೆನೆದರೆ ಈಗಲೂ ಮನಸ್ಸು ಅಳುಕುತ್ತದೆ.

ಮೋಟಾರು ಹಚ್ಚುವವರೆಲ್ಲ ದುಷ್ಟರೆಂದು ನಾನು ಹೇಳುತ್ತಿಲ್ಲ. ಓಣಿಯ ಪೈಪಿನಲ್ಲಿ ಒತ್ತಡವಿದ್ದರೆ ಯಾರು ತಾನೇ ಹಚ್ಚುತ್ತಾರೆ? ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯು ಪಟ್ಟಣಗಳ ಕೊಳವೆಗಳಲ್ಲಿ ಒಂದಂತಸ್ತಿನ ಮನೆಗಳಿಗೆ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12 ಮೀಟರ್, ಮೂರಂತಸ್ತಿಗೆ 17 ಮೀಟರ್ ಎತ್ತರಕ್ಕೆ ಏರುವಷ್ಟು ಒತ್ತಡವಿರಬೇಕೆಂದು ಹೇಳಿತ್ತು. ನಮ್ಮ ಕಲಬುರಗಿ, ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಕೆಲವು ಪ್ರಾಯೋಗಿಕ ವಲಯಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಕೊಟ್ಟು ತೋರಿಸಲಾಗಿತ್ತು. ಆದ್ದರಿಂದ ಇದು ಆಗದ ಮಾತಲ್ಲ. ನಾಗರಿಕರು ಕೂಡಿ ಕೇಳಬೇಕಾದದ್ದು ಇದನ್ನು. ನಾವಾದರೋ ಕೂಡಿ ಕೇಳುವುದನ್ನು ಬಿಟ್ಟು ಒಬ್ಬೊಬ್ಬರೇ ಮೋಟಾರು ತರುತ್ತೇವೆ. ಮೋಟಾರಿದ್ದವನಿಗೆ ಕೇಳುವ ಅಗತ್ಯವೇ ಉಳಿಯುವುದಿಲ್ಲ. ಇಲ್ಲದವರ ದನಿ ಕಚೇರಿಯವರೆಗೆ ಮುಟ್ಟುವುದಿಲ್ಲ.

ಇಲ್ಲಿ ನನಗೆ ಒಂದು ಶಾಲಾ ಪ್ರವಾಸದ ನೆನಪಾಗುತ್ತದೆ. ವಿಜಯಪುರಕ್ಕೆ, ಅಂದಿನ ಬಿಜಾಪುರಕ್ಕೆ, ಮಕ್ಕಳನ್ನು ಕರೆದೊಯ್ದಾಗ ಎಲ್ಲರೂ ಗೋಲಗುಮ್ಮಟದ ಪ್ರತಿಧ್ವನಿಯಲ್ಲಿ ಮೈಮರೆತಿದ್ದರು. ನಾನು ಅವರಿಗೆ ‘ಗಂಜ್’ ಎಂಬ ಕಲ್ಲಿನ ಗೋಪುರಗಳನ್ನು ತೋರಿಸಿದೆ. ಆದಿಲ್‌ಶಾಹಿ ಅರಸರು ತೊರವಿಯ ಕಡೆಯಿಂದಲೂ 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ಊರೊಳಗೆ ನೀರು ತಂದಿದ್ದರು. ತಲಾಬಿನ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ದಾರಿಯಲ್ಲಿ ನೀರು ಈ ಗೋಪುರಗಳನ್ನು ಏರಿ ಇಳಿಯುತ್ತಿತ್ತು. ಹೆಚ್ಚಿದ ಒತ್ತಡ ಅಲ್ಲಿ ತಗ್ಗಿ ಕೊಳವೆಗಳು ಒಡೆಯದೆ ಉಳಿಯುತ್ತಿದ್ದವು, ಹೂಳು ತಳದಲ್ಲಿ ಕೂರುತ್ತಿತ್ತು. ಮೋಟಾರು, ಕರೆಂಟು ಯಾವುದೂ ಇಲ್ಲದ ಕಾಲದಲ್ಲಿ ಒಂದು ರಾಜಧಾನಿ ಎತ್ತರದ ಲೆಕ್ಕವನ್ನು ಅರಿತು ಹಲವರಿಗೆ ನೀರು ಹಂಚಿತ್ತು.

ಕೊನೆಯದಾಗಿ ಇನ್ನೊಂದು ಮಾತು. ಶವರ್ ಸರಿಹೋಯಿತೆಂದು ಅದರಡಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಡಿರಿ. ನಿಮಿಷಕ್ಕೆ 10 ಲೀಟರ್ ಸುರಿಯುವ ಶವರಿನಡಿ 10 ನಿಮಿಷ ನಿಂತರೆ 100 ಲೀಟರ್ ಹೋಯಿತು. ಒಳಚರಂಡಿಯಿರುವ ಪಟ್ಟಣದಲ್ಲಿ ಒಬ್ಬರಿಗೆ ಇಡೀ ದಿನಕ್ಕೆಂದು ಸರ್ಕಾರ ಇಟ್ಟುಕೊಂಡ ಲೆಕ್ಕ 135 ಲೀಟರ್. ನಮ್ಮ ಬಕೀಟಿನ ಜಳಕ 20 ಲೀಟರಿನಲ್ಲಿ ಮುಗಿಯುತ್ತಿತ್ತು. ನಮ್ಮ ಶವರ್ ಈಗ ನಿಮಿಷಕ್ಕೆ ಆರೇಳು ಲೀಟರ್ ಕೊಡುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಮೈ ತೊಳೆದುಕೊಂಡು ಹೊರಬಂದರೆ ಬಕೀಟಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಬಿಚ್ಚಿಸಿದ ಮೋಟಾರು ಈಗ ನಮ್ಮ ಅಟ್ಟದ ಮೇಲಿದೆ. ಮಾರಿಬಿಡಿ ಎಂದು ಮಗ ಹೇಳುತ್ತಾನೆ. ಕೊಂಡವರು ಅದನ್ನು ಮತ್ತೊಂದು ಓಣಿಯ ಪೈಪಿಗೆ ಹಚ್ಚಿಯಾರೆಂಬ ಅಂಜಿಕೆಯಿಂದ ಇನ್ನೂ ಮಾರಿಲ್ಲ. ಬೆಳಿಗ್ಗೆ ನಳ ಬಂದಾಗ ಪಕ್ಕದ ಮನೆಯ ತಗ್ಗಿನಲ್ಲಿ ಕೊಡ ತುಂಬುವ ಸಪ್ಪಳ ನನ್ನ ಕಿಟಕಿಗೆ ಕೇಳಿಸುತ್ತದೆ. ಅಜ್ಜಿ ಕೂಗುತ್ತಾರೆ, “ಮಾಸ್ತರ್ರ, ನಳಾ ಬಂದಾವ್ರಿ, ತುಂಬಿಕೋರಿ.” ಡಾಲ್ಡಾ ಡಬ್ಬಿಯನ್ನು ಆ ಹುಡುಗಿಗೆ ಕೊಟ್ಟಿದ್ದೇನೆ. ಹಳೆಯ ತೂತುಗಳು ತುಕ್ಕು ಹಿಡಿದು ದೊಡ್ಡದಾಗಿವೆ, ಪ್ರಯೋಗ ಮಾತ್ರ ಇನ್ನೂ ಸರಿಯಾಗಿ ಬರುತ್ತದೆ. ನಿಮ್ಮ ನಿಮ್ಮ ಮನೆಗಳಲ್ಲಿಯೂ ಮೋಟಾರಿನ ಅಂಗಡಿಗೆ ಹೋಗುವ ಮೊದಲು ಒಮ್ಮೆ ಬಕೀಟು, ಗಡಿಯಾರ ಹಿಡಿದು ನೋಡಿರಿ ಎಂದು ನಿಮ್ಮ ಹಳೆಯ ಮೇಷ್ಟ್ರ ವಿನಂತಿ.